ನಿಮಗಿದು ಗೊತ್ತೇ? ರಕ್ತದಲ್ಲಿ ಸಿಕ್ಕಿದ್ದು, ಟ್ಯಾಂಕಿನಲ್ಲಿ ಸಿಗದಿದ್ದು

ಉತ್ತರ ಆಸ್ಟ್ರೇಲಿಯಾದಲ್ಲಿ ಮೊಸಳೆ ಮೊಟ್ಟೆ ಆಯುವುದು ಲೈಸೆನ್ಸ್ ಪಡೆದು ಮಾಡುವ ಕಸುಬು. ಚರ್ಮಕ್ಕಾಗಿ ಮೊಸಳೆ ಸಾಕುವ ಫಾರ್ಮ್‌ಗಳಿಗೆ ಆ ಮೊಟ್ಟೆಗಳು ಬೇಕು. ಗೂಡು ಇರುವುದು ಜೌಗಿನಲ್ಲಿ, ಪಕ್ಕದಲ್ಲೇ ತಾಯಿ ಮೊಸಳೆಯ ಕಾವಲು. ಅದಕ್ಕೇ ಹೆಲಿಕಾಪ್ಟರ್‌ನಿಂದ ಉದ್ದನೆಯ ಹಗ್ಗ ಇಳಿಬಿಟ್ಟು, ಅದರ ತುದಿಗೆ ಆಳನ್ನು ತೂಗುಹಾಕಿ ಗೂಡಿನ ಬಳಿ ಇಳಿಸುತ್ತಿದ್ದರು.

2022ರ ಫೆಬ್ರವರಿ 28. ವೆಸ್ಟ್ ಆರ್ನೆಮ್ ಲ್ಯಾಂಡ್‌ನಲ್ಲಿ ಹೀಗೆ ಒಬ್ಬರು ಹಗ್ಗದಲ್ಲಿದ್ದಾಗಲೇ ರಾಬಿನ್ಸನ್ ಆರ್44 ಹೆಲಿಕಾಪ್ಟರ್‌ನ ಎಂಜಿನ್ ನಿಂತಿತು. ಪೈಲಟ್ ಹಗ್ಗದ ಕೊಂಡಿ ಕಳಚಿದರು. ಮೊಟ್ಟೆ ಆಯುವವರು ಸತ್ತರು. ಪೈಲಟ್ ತೀವ್ರವಾಗಿ ಗಾಯಗೊಂಡು ಬದುಕುಳಿದರು.

ಎಂಜಿನ್ ನಿಂತರೂ ಹೆಲಿಕಾಪ್ಟರ್ ಕಲ್ಲಿನಂತೆ ಬೀಳಬೇಕಾಗಿಲ್ಲ. ಇಳಿಯುವಾಗ ಕೆಳಗಿನಿಂದ ನುಗ್ಗುವ ಗಾಳಿಯೇ ರೆಕ್ಕೆಗಳನ್ನು ತಿರುಗಿಸುತ್ತದೆ. ಇದು ಆಟೋರೊಟೇಶನ್. ಆದರೆ ಅದಕ್ಕೆ ಎತ್ತರವೋ ವೇಗವೋ ಕೈಯಲ್ಲಿರಬೇಕು. ತಗ್ಗಿನಲ್ಲಿ, ನಿಂತಲ್ಲೇ ತೇಲುತ್ತಿದ್ದರೆ ಎರಡೂ ಇರುವುದಿಲ್ಲ. ಯಾವ ಎತ್ತರಕ್ಕೆ ಎಷ್ಟು ವೇಗ ಬೇಕೆಂದು ತೋರಿಸುವ ನಕ್ಷೆಯೊಂದು ಹೆಲಿಕಾಪ್ಟರ್‌ನ ಕೈಪಿಡಿಯಲ್ಲಿರುತ್ತದೆ. ಪೈಲಟ್‌ಗಳು ಅದನ್ನು ಕರೆಯುವುದು ‘ಡೆಡ್ ಮ್ಯಾನ್ಸ್ ಕರ್ವ್’ ಎಂದು.

ಇಂಥ ಚಿಕ್ಕ ಹೆಲಿಕಾಪ್ಟರ್‌ಗಳಲ್ಲಿ ಸಾಮಾನ್ಯವಾಗಿ ಬ್ಲ್ಯಾಕ್ ಬಾಕ್ಸ್ ಇರುವುದಿಲ್ಲ. ಅವಶೇಷಗಳೇ ಸಾಕ್ಷಿ. ಎಚ್ಚರಿಕೆ ದೀಪದ ಪುಟ್ಟ ಬಲ್ಬನ್ನೂ ಭೂತಗನ್ನಡಿಯಡಿ ಇಡುತ್ತಾರೆ: ಉರಿಯುತ್ತಿದ್ದಾಗ ಪೆಟ್ಟು ಬಿದ್ದರೆ ಅದರೊಳಗಿನ ಬಿಸಿ ತಂತಿ ಎಳೆದಂತೆ ಉದ್ದವಾಗುತ್ತದೆ, ಆರಿದ್ದರೆ ಹಾಗಾಗುವುದಿಲ್ಲ.

ಪೈಲಟ್‌ನ ರಕ್ತದಲ್ಲಿ ಕೊಕೇನ್‌ನ ಕುರುಹು ಸಿಕ್ಕಿತು. ‘ಸರಿ, ಅಮಲೇ ಕಾರಣ’ ಎಂದು ನಾವಾದರೆ ಫೈಲು ಮುಚ್ಚಿಬಿಡುತ್ತಿದ್ದೆವೇನೋ. ಆಸ್ಟ್ರೇಲಿಯಾದ ಸಾರಿಗೆ ಸುರಕ್ಷತಾ ಮಂಡಳಿ ಮುಚ್ಚಲಿಲ್ಲ. ಕೊಕೇನ್ ರಕ್ತದಿಂದ ಬೇಗ ಇಳಿದುಹೋದರೂ ದೇಹ ಅದನ್ನು ಒಡೆದಾಗ ಹುಟ್ಟುವ ವಸ್ತುಗಳು ದಿನಗಟ್ಟಲೆ ಉಳಿಯುತ್ತವೆ. ಹಿಂದಿನ ಕೆಲವು ದಿನಗಳಲ್ಲಿ ಅದು ದೇಹ ಸೇರಿತ್ತು ಎನ್ನಬಹುದು. ಆ ಹೊತ್ತಿನಲ್ಲಿ ಪೈಲಟ್‌ನ ಗಮನ ಕೆಡಿಸಿತ್ತೇ ಎಂದು ಹೇಳಲಾಗದು. ಮಂಡಳಿ ಬರೆದದ್ದೂ ಅಷ್ಟನ್ನೇ.

ಎಂಜಿನ್ ನಿಂತದ್ದೇಕೆ? ಇಂಧನ ಮುಗಿದಿತ್ತು. ದಾರಿಯಲ್ಲಿ ತುಂಬಿಸಿಕೊಳ್ಳಬೇಕಿದ್ದ ಕಡೆ ಬಹುಶಃ ತುಂಬಿಸಿರಲಿಲ್ಲ, ಕಡಿಮೆಯಾಗುತ್ತಿದ್ದುದು ಪೈಲಟ್‌ನ ಗಮನಕ್ಕೂ ಬರಲಿಲ್ಲ.

ರಕ್ತಪರೀಕ್ಷೆಗೆ ಇಂಥದೇ ಇನ್ನೊಂದು ತೊಡಕಿದೆ: ಶವದ ರಕ್ತದಲ್ಲಿ ಆಲ್ಕೋಹಾಲ್ ಕಂಡಾಕ್ಷಣ ‘ಕುಡಿದಿದ್ದ’ ಎನ್ನುವಂತಿಲ್ಲ! ಸತ್ತ ಮೇಲೆ ಸೂಕ್ಷ್ಮಜೀವಿಗಳೂ ಅದನ್ನು ತಯಾರಿಸುತ್ತವೆ. ಅದಕ್ಕೇ ಕಣ್ಣುಗುಡ್ಡೆಯೊಳಗಿನ ದ್ರವವನ್ನೂ ಪರೀಕ್ಷಿಸುತ್ತಾರೆ; ಅಲ್ಲಿಗೆ ಅವು ತಡವಾಗಿ ತಲುಪುತ್ತವೆ.

ಅಮಲು ಸ್ಪಷ್ಟವಾಗಿ ಸಾಬೀತಾದ ಪ್ರಕರಣವೂ ಅದೇ ದೇಶದ್ದು. 2024ರ ಆಗಸ್ಟ್ 12ರ ನಡುರಾತ್ರಿ ಕಳೆದ ಮೇಲೆ ಕೇರ್ನ್ಸ್ ನಗರದಲ್ಲಿ ಒಬ್ಬಾತ ಅನುಮತಿಯಿಲ್ಲದೆ ಆರ್44 ಹಾರಿಸಿ, ಕಟ್ಟಡಗಳ ಮೇಲೆ ತಗ್ಗಿನಲ್ಲಿ ಸುತ್ತಿ ಹೋಟೆಲೊಂದರ ಚಾವಣಿಗೆ ಅಪ್ಪಳಿಸಿ ಸತ್ತ. ಕುಡಿದಿದ್ದ.

ನಮ್ಮಲ್ಲಿ ಹಾರಾಟಕ್ಕೆ ಮೊದಲಿನ 12 ಗಂಟೆ ಪೈಲಟ್ ಮದ್ಯ ಮುಟ್ಟುವಂತಿಲ್ಲ. ಆಲ್ಕೋಹಾಲ್ ಇರುವ ಮೌತ್‌ವಾಶ್‌ಗೂ ನಿಷೇಧ. ಆದರೆ ಮದ್ಯ ಪತ್ತೆಗೆ ಊದಿಸುವ ಯಂತ್ರಕ್ಕೆ ನಿದ್ದೆಗಣ್ಣು ಕಾಣದು. 2010ರಲ್ಲಿ 158 ಜನರನ್ನು ಬಲಿತೆಗೆದುಕೊಂಡ ಮಂಗಳೂರು ವಿಮಾನ ದುರಂತದಲ್ಲಿ ಕ್ಯಾಪ್ಟನ್ ದಾರಿಯಲ್ಲಿ ಬಹುಹೊತ್ತು ನಿದ್ರಿಸಿದ್ದರು. ಕಾಕ್‌ಪಿಟ್‌ನ ಧ್ವನಿಮುದ್ರಣದಲ್ಲಿ ಗೊರಕೆ ದಾಖಲಾಗಿತ್ತು.

ಮತ್ತೆ ಆ ಮೊಟ್ಟೆಯವರ ವಿಷಯ. ಹಗ್ಗಕ್ಕೆ ಆಳನ್ನು ತೂಗುಹಾಕಿ ಹಾರಲು ಕೊಟ್ಟ ಅನುಮತಿಯಲ್ಲಿ ಮೊದಲು ಎತ್ತರಕ್ಕೆ ಮಿತಿಯಿತ್ತು. ವಿಮಾನಯಾನ ನಿಯಂತ್ರಕರೇ ಮುಂದೆ ಅದನ್ನು ತೆಗೆದುಹಾಕಿದ್ದರು. ಎಂಜಿನ್ ನಿಂತಾಗ ಮೊಟ್ಟೆ ಆಯುವವರಿದ್ದದ್ದು ಬಿದ್ದರೆ ಬದುಕಲಾಗದ ಎತ್ತರದಲ್ಲಿ. ಸುದ್ದಿಯೆಲ್ಲ ಕೊಕೇನ್ ಹಿಂದೆ ಓಡಿತಾದರೂ, ನನ್ನ ಲೆಕ್ಕದಲ್ಲಿ ಆ ವರದಿಯ ಅತ್ಯಂತ ಗಂಭೀರ ಅಂಶ ಇದು.