ಹಬ್ಬಕ್ಕೆ ಚಂದ್ರ, ಮಳೆಗೆ ಸೂರ್ಯ



ಮುಂಗಾರು ಹತ್ತಿರವಾದಾಗ ನಮ್ಮ ಮಡಕಶಿರ ಸೀಮೆಯಲ್ಲಿ ಒಬ್ಬರು "ಮೃಗಶಿರ ಮಳೆ ಯಾವತ್ತು ಹುಟ್ಟುತ್ತೆ?" ಎನ್ನುತ್ತಾರೆ, ಪಕ್ಕದವರು "ಮೃಗಶಿರ ಕಾರ್ತೆ ಎಪ್ಪುಡು?" ಎನ್ನುತ್ತಾರೆ. ಕನ್ನಡದ ಮಳೆಯೂ ತೆಲುಗಿನ ಕಾರ್ತೆಯೂ ಒಂದೇ ಲೆಕ್ಕ. ಆದರೆ ಈ ಲೆಕ್ಕವನ್ನು ಹಬ್ಬದ ಲೆಕ್ಕದೊಂದಿಗೆ ಬೆರೆಸಿದರೆ ಬಿತ್ತನೆಯ ಕಾಲ ತಪ್ಪುತ್ತದೆ. ಅಧಿಕಮಾಸ ಬಂದ ವರ್ಷ ಬಿತ್ತನೆಯನ್ನೂ ತಿಂಗಳು ಮುಂದಕ್ಕೆ ಹಾಕಬೇಕೇ ಎಂಬ ಅನುಮಾನ ಹುಟ್ಟುವುದು ಹೀಗೆಯೇ.

ನಮ್ಮ ಹಬ್ಬಗಳು ಚಂದ್ರನನ್ನು ಹಿಡಿದು ನಡೆಯುತ್ತವೆ. ಹನ್ನೆರಡು ಚಾಂದ್ರಮಾಸ ಸೇರಿದರೆ ಸುಮಾರು 354 ದಿನ. ಸೂರ್ಯನ ವರ್ಷಕ್ಕೆ 365 ದಿನ. ವರ್ಷಕ್ಕೆ ಹನ್ನೊಂದು ದಿನ ಹಿಂದೆ ಬೀಳುವ ಈ ಲೆಕ್ಕವನ್ನು ಸರಿದೂಗಿಸಲು ಎರಡೂವರೆ, ಮೂರು ವರ್ಷಕ್ಕೊಮ್ಮೆ ಅಧಿಕಮಾಸ ಸೇರಿಸುತ್ತಾರೆ. ಯುಗಾದಿಯನ್ನೇ ನೋಡಿ. 2022ರಲ್ಲಿ ಅದು ಏಪ್ರಿಲ್ 2ಕ್ಕೆ ಬಂತು, 2023ರಲ್ಲಿ ಮಾರ್ಚ್ 22ಕ್ಕೆ. ಆ ವರ್ಷ ಅಧಿಕ ಶ್ರಾವಣ ಬಂದಿತು. ಹಾಗಾಗಿ 2024ರ ಯುಗಾದಿ ಏಪ್ರಿಲ್ 9ಕ್ಕೆ ಹೋಯಿತು.

ಮಳೆ ನಕ್ಷತ್ರಗಳು ಹೀಗೆ ಹಿಂದುಮುಂದಾಗುವುದಿಲ್ಲ. ಅವು ಸೂರ್ಯನ ಲೆಕ್ಕದವು. ಸೂರ್ಯ ಇಪ್ಪತ್ತೇಳು ನಕ್ಷತ್ರಗಳನ್ನು ಒಂದು ವರ್ಷದಲ್ಲಿ ದಾಟುತ್ತಾನೆ. ಒಂದೊಂದಕ್ಕೆ ಹದಿಮೂರೋ ಹದಿನಾಲ್ಕೋ ದಿನ. ಆದ್ದರಿಂದ ರೋಹಿಣಿ ಮೇ 25ರ ಸುಮಾರಿಗೆ, ಮೃಗಶಿರ ಜೂನ್ 8ರ ಸುಮಾರಿಗೆ, ಆರಿದ್ರಾ ಜೂನ್ 22ರ ಸುಮಾರಿಗೆ ಬರುತ್ತವೆ. ಅಧಿಕಮಾಸ ಬಂದರೂ ಬಾರದಿದ್ದರೂ ಒಂದು ದಿನದ ವ್ಯತ್ಯಾಸವಾದೀತು, ಅಷ್ಟೇ.

ಇನ್ನೊಂದು ತೊಡಕು ಇದೆ. ಪಂಚಾಂಗದಲ್ಲಿ ಪ್ರತಿ ತಿಂಗಳೂ ಒಂದು ದಿನ 'ರೋಹಿಣಿ' ಎಂದು ಬರೆದಿರುತ್ತದೆ. ಅದು ಚಂದ್ರ ಇರುವ ದಿನದ ನಕ್ಷತ್ರ. ಮಗುವಿಗೆ ಹೆಸರಿಡಲು, ಮುಹೂರ್ತ ಇಡಲು ನೋಡುವುದು ಅದನ್ನು. ಮಳೆಗೆ ನೋಡಬೇಕಾದದ್ದು ಸೂರ್ಯ ಇರುವ ನಕ್ಷತ್ರವನ್ನು.

ಹಾಗಾದರೆ ಮಳೆ ಹುಟ್ಟಿದ ದಿನವೇ ಬೀಜ ಹಾಕಬಹುದೇ? ಇಲ್ಲಿ ನಮ್ಮ ಎರಡು ಭಾಷೆಗಳೇ ಎಚ್ಚರ ಹೇಳುತ್ತವೆ. ರೋಹಿಣಿ ಮಳೆಯಾದರೆ ಓಣಿ ತುಂಬ ಜೋಳ ಎನ್ನುತ್ತದೆ ಕನ್ನಡದ ಗಾದೆ. ರೋಹಿಣಿ ಕಾರ್ತೆಯ ಬಿಸಿಲಿಗೆ ಒರಳುಕಲ್ಲೂ ಬಿರಿಯುತ್ತದೆ ಎನ್ನುತ್ತದೆ ತೆಲುಗಿನ ಗಾದೆ. ಹದಿನಾಲ್ಕು ದಿನ ಒಂದೇ, ಕಂಡ ಆಕಾಶ ಬೇರೆ. ನಕ್ಷತ್ರ ಹೇಳುವುದು ಸೂರ್ಯ ಎಲ್ಲಿದ್ದಾನೆ ಎಂಬುದನ್ನು ಮಾತ್ರ. ಮೋಡ ಎಲ್ಲಿದೆ ಎಂಬುದನ್ನಲ್ಲ.

ಆದ್ದರಿಂದ ಕ್ಯಾಲೆಂಡರು ನೋಡಿ ನೇಗಿಲು, ಕೂರಿಗೆ ಸಿದ್ಧಮಾಡಿಕೊಳ್ಳಿ. ಬೀಜ ಹಾಕುವ ಮುನ್ನ ಹೊಲದಲ್ಲಿ ಗೇಣುದ್ದ ಅಗೆದು, ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ನೋಡಿ. ನಾವು 'ಹದ' ಎನ್ನುವುದನ್ನು ತೆಲುಗಿನವರು 'ಪದುನು' ಎನ್ನುತ್ತಾರೆ. ಅದಿಲ್ಲದೆ ಹಾಕಿದ ಕಡಲೆಕಾಯಿ ಬೀಜ ಮೊಳೆಯದೆ ಒಣಗುತ್ತದೆ. ಬೀಜಕ್ಕೆ ಕೊಟ್ಟ ದುಡ್ಡೂ ಮಣ್ಣಾಗುತ್ತದೆ. ಹಬ್ಬಕ್ಕೆ ಚಂದ್ರನನ್ನು ಕೇಳಿ, ಮಳೆಯ ಹೆಸರಿಗೆ ಸೂರ್ಯನನ್ನು ಕೇಳಿ, ಬಿತ್ತನೆಗೆ ನಿಮ್ಮ ಹೊಲವನ್ನೇ ಕೇಳಿ.