ಅಡಿಕೆಗೆ ಇಂಗ್ಲಿಷ್‌ನಲ್ಲಿ ಏನಂತೀರಿ? ಅರೆಕಾ ನಟ್ಟಾ, ಬೀಟಲ್ ನಟ್ಟಾ?

ಕೇಳೋಕೆ, ಬರೆಯೋಕೆ ಗೊಂದಲ ಮಾಡೋ ಇಂಗ್ಲಿಷ್ ಪದಗಳ ಬಗ್ಗೆ ಮಾತಾಡ್ತಾ ಇದ್ದೀವಿ. ಇವತ್ತಿನ ಪದಗಳು ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟದಿಂದಲೇ ಬಂದಿವೆ. ಅಲ್ಲಿನ ಅಡಿಕೆಗೆ ಕೆಲವರು ಅರೆಕಾ ನಟ್ ಅಂತಾರೆ, ಕೆಲವರು ಬೀಟಲ್ ನಟ್ ಅಂತಾರೆ. ಡಿಕ್ಷನರಿಯಲ್ಲಿ ಎರಡೂ ಸಿಗುತ್ತೆ. ಆದ್ರೆ ಎರಡನೆಯದು ದಾರಿ ತಪ್ಪಿಸೋ ಹೆಸರು.

ಯಾಕೆ ಅಂದ್ರೆ, ಅರೆಕಾ ಮತ್ತು ಬೀಟಲ್ ಬೇರೆ ಬೇರೆ ಗಿಡಗಳು. ಅರೆಕಾ ಅಂದ್ರೆ ಅಡಿಕೆ. ತೆಂಗಿನ ಹಾಗೆ ತಾಳೆ ಕುಟುಂಬದ ಮರ. ಬೀಟಲ್ ಅಂದ್ರೆ ವೀಳ್ಯದೆಲೆ ಬಳ್ಳಿ. ಅದು ಕಾಳುಮೆಣಸಿನ ಹತ್ತಿರದ ನೆಂಟ. ಎರಡರ ಸಸ್ಯಶಾಸ್ತ್ರೀಯ ಹೆಸರೂ ‘ಪೈಪರ್’ ಅಂತಲೇ ಶುರುವಾಗುತ್ತೆ. ಬಳ್ಳಿ ಅಡಿಕೆ ಮರಕ್ಕೇ ಹಬ್ಬಿರಬಹುದು, ಆದ್ರೆ ಅದರಲ್ಲಿ ಅಡಿಕೆ ಬಿಡೋದಿಲ್ಲ!

ಹಾಗಾದ್ರೆ ಹೆಸರು ಅದಲುಬದಲಾಗಿದ್ದು ಹೇಗೆ? ಎರಡೂ ಪದ ಮಲಯಾಳಂನಿಂದ ಪೋರ್ಚುಗೀಸರ ಬಾಯಿಗೆ, ಅಲ್ಲಿಂದ ಇಂಗ್ಲಿಷ್‌ಗೆ ಹೋದವು. ‘ಅಡಕ್ಕ’ ಅರೆಕಾ ಆಯ್ತು, ‘ವೆಟ್ಟಿಲ’ ಬೀಟಲ್ ಆಯ್ತು. ಜನ ಎಲೆ, ಅಡಿಕೆ ಎರಡನ್ನೂ ಒಟ್ಟಿಗೇ ಜಗಿಯೋದ್ರಿಂದ ಎಲೆಯ ಹೆಸರು ಅಡಿಕೆಗೂ ಅಂಟಿಕೊಂಡಿತು.

ಹೀಗೆ ನೆನಪಿಟ್ಟುಕೊಳ್ಳಿ:

ಅರೆಕಾ ನಟ್: ಅಡಿಕೆ.
ಬೀಟಲ್ ಲೀಫ್: ವೀಳ್ಯದೆಲೆ.
ಬೀಟಲ್ ಕ್ವಿಡ್: ಎಲೆ, ಅಡಿಕೆ, ಸುಣ್ಣ ಸೇರಿದ ಕವಳ. ತಂಬಾಕು ಇರಬಹುದು, ಇಲ್ಲದೆಯೂ ಇರಬಹುದು.

ಸ್ಪೆಲ್ಲಿಂಗ್ ಕಡೆ ಗಮನ ಇರಲಿ. ವೀಳ್ಯದೆಲೆಯ ಬೀಟಲ್ ಅಂದ್ರೆ ಬಿ, ಇ, ಟಿ, ಇ, ಎಲ್. ಬಿ, ಇ, ಇ, ಟಿ, ಎಲ್, ಇ ಅಂತ ಬರೆದ್ರೆ ಅದು ದುಂಬಿ ಜಾತಿಯ ಹುಳ. ಉಚ್ಚಾರಣೆ ಒಂದೇ ಥರ ಇರೋದ್ರಿಂದ ಫೋನ್‌ಗೆ ಬಾಯಲ್ಲಿ ಹೇಳಿ ಟೈಪ್ ಮಾಡಿಸುವಾಗ ಎಲೆಯ ಬದಲು ಹುಳ ಬಂದು ಕೂರಬಹುದು. ಕಳಿಸೋ ಮುಂಚೆ ಒಮ್ಮೆ ನೋಡಿ.

ಇಷ್ಟಕ್ಕೆಲ್ಲ ಯಾಕೆ ತಲೆಕೆಡಿಸ್ಕೋಬೇಕು ಅಂತೀರಾ? ಆರೋಗ್ಯದ ಸುದ್ದಿ ಓದುವಾಗ ಇದು ತುಂಬಾ ಮುಖ್ಯ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿ ಮೂರನ್ನು ಕ್ಯಾನ್ಸರ್‌ಕಾರಕ ಅಂತ ಹೇಳಿತು: ತಂಬಾಕು ಹಾಕಿದ ಕವಳ, ತಂಬಾಕು ಇಲ್ಲದ ಕವಳ, ಮತ್ತು ಅಡಿಕೆ. ಬರೀ ವೀಳ್ಯದೆಲೆ ಆ ಪಟ್ಟಿಯಲ್ಲಿಲ್ಲ. ಹೆಡ್‌ಲೈನ್‌ನಲ್ಲಿ ‘ಬೀಟಲ್’ ಅಂತ ಕಂಡಾಗ ಅದು ಎಲೆಯೋ, ಅಡಿಕೆಯೋ, ಕವಳವೋ ಅಂತ ಗೊತ್ತಾಗದಿದ್ರೆ ಸುದ್ದಿಯ ಅರ್ಥವೇ ತಿರುಗಿಬಿಡುತ್ತೆ. ‘ಎಲೆ ಬಿಟ್ಟೆ, ಬರೀ ಅಡಿಕೆ ತಾನೇ’ ಅಂತಲೋ, ‘ತಂಬಾಕು ಹಾಕಲ್ಲ, ಏನಾಗಲ್ಲ’ ಅಂತಲೋ ಸಮಾಧಾನ ಮಾಡ್ಕೊಂಡ್ರೆ ಅದು ತಪ್ಪು ಸಮಾಧಾನ. ಅಡಿಕೆಯಿಂದಲೇ ಓದು, ಮದುವೆ, ಮನೆ ಎಲ್ಲಾ ನಡೆದ ಊರಲ್ಲಿ ಈ ಮಾತು ಕಹಿ, ನಿಜ. ಆದ್ರೂ ಸರಿಯಾಗಿ ತಿಳ್ಕೊಂಡೇ ವಾದ ಮಾಡೋದು ಒಳ್ಳೇದು.

ವ್ಯಾಪಾರದಲ್ಲೂ ಹೆಸರಿಗೆ ಬೆಲೆ ಇದೆ. ಈ ಮೂರು ತಾಲೂಕಿನ ಅಡಿಕೆಗೆ 2019ರಲ್ಲಿ ‘ಶಿರಸಿ ಸುಪಾರಿ’ ಹೆಸರಲ್ಲೇ ಜಿಐ ಟ್ಯಾಗ್ ಸಿಕ್ಕಿದೆ. ಅಲ್ಲೂ ಸುಪಾರಿ ಅಂದ್ರೆ ಅಡಿಕೆ ಮಾತ್ರ, ಎಲೆ ಅಲ್ಲ. ಹಾಗಾಗಿ ಬಿಲ್ಲು, ಫಾರ್ಮು, ಇಮೇಲ್ ಬರೆಯುವಾಗ ಅರೆಕಾ ನಟ್ ಅಂತಲೇ ಬರೀರಿ. ಹೊರಗಿನವರು ‘ಬೀಟಲ್ ನಟ್ ಇದೆಯಾ?’ ಅಂತ ಕೇಳಿದ್ರೆ ಗಾಬರಿ ಬೇಡ, ಅವರು ಕೇಳ್ತಿರೋದು ಅಡಿಕೆಯನ್ನೇ. ಆದ್ರೆ ಬರೀ ‘ಬೀಟಲ್’ ಅಂದ್ರೆ, ಎಲೆ ಬೇಕಾ, ಅಡಿಕೆ ಬೇಕಾ ಅಂತ ಇನ್ನೊಮ್ಮೆ ಕೇಳಿ.

ನಿಮ್ಮನ್ನ ಗೊಂದಲ ಮಾಡೋ ಪದ ಯಾವುದು? ಬರೆದು ಕಳಿಸಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.