ದ್ವಿಚಕ್ರ ವಾಹನಗಳ ಸಾಗಣೆ: ಹಗ್ಗದ ಬಿಗಿತದಲ್ಲಿರುವ ಲಾಭ-ನಷ್ಟ

ನನ್ನ ಕಕ್ಷಿದಾರರಾದ ಮೋಟಾರು ಸೈಕಲ್ ವ್ಯಾಪಾರಿಯೊಬ್ಬರು ಒಂದು ಮಳೆಗಾಲದಲ್ಲಿ ಹುಬ್ಬಳ್ಳಿಯಿಂದ ಕಾರವಾರಕ್ಕೆ ಸಣ್ಣ ಸರಕು ವಾಹನದಲ್ಲಿ ಹೊಸ ಬೈಕೊಂದನ್ನು ಕಳುಹಿಸಿದರು. ಅದನ್ನು ಸೈಡ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ನಾರಿನ ಹಗ್ಗದಿಂದ ಎರಡು ಸುತ್ತು ಕಟ್ಟಲಾಗಿತ್ತು. ಅರಬೈಲ್ ಘಟ್ಟದ ತಿರುವೊಂದರಲ್ಲಿ ಬೈಕು ಮಗುಚಿ ಟ್ಯಾಂಕು ತಗ್ಗಾಯಿತು, ಹ್ಯಾಂಡಲ್ ಬಾಗಿತು. ಸಾಗಣೆ ವಿಮೆ ಇದ್ದುದರಿಂದ ಅವರು ನಿಶ್ಚಿಂತರಾಗಿದ್ದರು. ಆದರೆ ವಿಮಾ ಸಂಸ್ಥೆಯು ಅಸಮರ್ಪಕ ಕಟ್ಟುವಿಕೆಯ ಕಾರಣ ನೀಡಿ ಪರಿಹಾರವನ್ನು ನಿರಾಕರಿಸಿತು. ಪತ್ರ ಹಿಡಿದು ನನ್ನ ಕಚೇರಿಗೆ ಬಂದಾಗ ಪಾಲಿಸಿಯ ಷರತ್ತುಗಳನ್ನು ಓದಿದೆ. ಪ್ಯಾಕಿಂಗಿನ ಹಾಗೂ ಸರಕಿನ ಸಿದ್ಧತೆಯ ಕೊರತೆಯಿಂದಾದ ಹಾನಿಯನ್ನು ಒಳನಾಡು ಸಾಗಣೆ ವಿಮೆಯ ಷರತ್ತುಗಳು ಹೊರಗಿಡುತ್ತವೆ. ವಾದಿಸಲು ನನಗೆ ಹೆಚ್ಚೇನೂ ಉಳಿದಿರಲಿಲ್ಲ.

ಇ-ವೇ ಬಿಲ್ಲಿನಲ್ಲಿ ಒಂದು ಅಂಕಿ ತಪ್ಪಿದರೆ ನಿದ್ದೆಗೆಡುವ ನಾವು, ಲಕ್ಷಾಂತರ ಬೆಲೆಯ ಸರಕನ್ನು ಕಟ್ಟುವ ಕೆಲಸವನ್ನು ಮಾತ್ರ ಹಮಾಲರಿಗೂ ಚಾಲಕನಿಗೂ ಬಿಟ್ಟು ಒಳಗೆ ಹೋಗಿಬಿಡುತ್ತೇವೆ. ಆ ಪ್ರಕರಣದ ನಂತರ ಈ ಕೆಲಸ ಬಲ್ಲವರನ್ನು ವಿಚಾರಿಸಿ, ನಿಂತು ನೋಡಿ ತಿಳಿದುಕೊಂಡದ್ದನ್ನು ಸದಸ್ಯರ ಮುಂದಿಡುತ್ತಿದ್ದೇನೆ.

ಮೊದಲಿಗೆ ಬಲದ ಲೆಕ್ಕ. ಸರಕು ಬಿಗಿಯುವಿಕೆಗೆ ಸಂಬಂಧಿಸಿದ ಯೂರೋಪಿನ ಇಎನ್ 12195-1 ಮಾನದಂಡದ ಪ್ರಕಾರ, ರಸ್ತೆ ಸಾಗಣೆಯಲ್ಲಿ ಬ್ರೇಕ್ ಹಾಕಿದಾಗ ಸರಕು ತನ್ನ ತೂಕದ 0.8 ಪಾಲಿನಷ್ಟು ಬಲದಿಂದ ಮುಂದಕ್ಕೆ ನುಗ್ಗುತ್ತದೆಂದು ಎಣಿಸಬೇಕು; ಪಕ್ಕಕ್ಕೆ ಹಾಗೂ ಹಿಂದಕ್ಕೆ 0.5 ಪಾಲು. 195 ಕಿಲೋ ತೂಗುವ ಬೈಕಿಗೆ ಇದನ್ನು ಅನ್ವಯಿಸಿದರೆ ಮುಂದಕ್ಕೆ 156 ಕಿಲೋ, ಪಕ್ಕಕ್ಕೆ ಸುಮಾರು 98 ಕಿಲೋ ಭಾರದಷ್ಟು ಸೆಳೆತ. ಬೆರಳುಗಾತ್ರದ ಸೈಡ್ ಸ್ಟ್ಯಾಂಡ್ ಇದನ್ನು ತಡೆದೀತೆ? ಸ್ಟ್ಯಾಂಡ್ ಇರುವುದು ನಿಂತ ನೆಲದಲ್ಲಿ ನಿಲ್ಲಿಸಲು ಮಾತ್ರ. ಸಾಗಣೆಯಲ್ಲಿ ಅದನ್ನು ಮೇಲೆತ್ತಿ, ಬೈಕನ್ನು ಎರಡು ಚಕ್ರಗಳ ಮೇಲೆ ನೆಟ್ಟಗೆ ನಿಲ್ಲಿಸಿ, ಮುಂದಿನ ಚಕ್ರವನ್ನು ವಾಹನದ ಮುಂಭಾಗದ ತಡೆಗೆ ಒತ್ತಿ, ಅಲುಗದಂತೆ ಇಕ್ಕೆಲಗಳಲ್ಲಿ ಮರದ ತುಂಡುಗಳನ್ನು ಮೊಳೆ ಹೊಡೆದು ಕೂರಿಸುವುದೇ ಸರಿಯಾದ ಕ್ರಮ.

ನಾರಿನ ಹಗ್ಗದ ದೋಷವನ್ನು ನಮ್ಮ ರೈತರು ಬಲ್ಲರು: ನೆನೆದಾಗ ಬಿಗಿಯಾಗುತ್ತದೆ, ಒಣಗಿದಾಗ ಸಡಿಲವಾಗುತ್ತದೆ. ಮಳೆಯಲ್ಲಿ ಕಟ್ಟಿ ಬಿಸಿಲಿಗೆ ತಲುಪುವ ಸಾಗಣೆಗೆ ಇದು ತಕ್ಕುದಲ್ಲ. ನೈಲಾನ್ ಹಗ್ಗ ಎಳೆದಷ್ಟೂ ಹಿಗ್ಗುತ್ತದೆ. ಪಾಲಿಯೆಸ್ಟರ್ ರ್‍ಯಾಚೆಟ್ ಬೆಲ್ಟುಗಳು ನಾಲ್ಕು ಬೇಕು. ಮುಂದಿನ ಎರಡನ್ನು ಫೋರ್ಕಿನ ಎರಡೂ ಕೊಳವೆಗಳನ್ನು ಜೋಡಿಸುವ ಗಟ್ಟಿ ಭಾಗಕ್ಕೆ ಹಾಕಿ, ಮುಂದಕ್ಕೂ ಹೊರಕ್ಕೂ ಓರೆಯಾಗಿ, ಸುಮಾರು 45 ಡಿಗ್ರಿ ಕೋನದಲ್ಲಿ ಕೆಳಗೆಳೆದು ವಾಹನದ ಕೊಂಡಿಗೆ ಸಿಕ್ಕಿಸಬೇಕು. ಕನ್ನಡಿ, ಇಂಡಿಕೇಟರ್, ಹ್ಯಾಂಡಲಿನ ರಬ್ಬರು ಹಿಡಿ ಇವುಗಳಿಗೆ ಕಟ್ಟಲಾಗದು.

ಎರಡೂ ಬದಿಯ ಬೆಲ್ಟುಗಳನ್ನು ಸರಿಸಮನಾಗಿ ಬಿಗಿಯುತ್ತ, ಮುಂಭಾಗದ ಶಾಕ್ ಅಬ್ಸಾರ್ಬರ್ ಸುಮಾರು ಅರ್ಧದಷ್ಟು ಕುಸಿಯುವಂತೆ ಮಾಡಬೇಕು. ಎಲ್ಲಕ್ಕಿಂತ ಮುಖ್ಯವಾದ ಮರ್ಮ ಇದೇ ಎಂದು ನನ್ನ ಭಾವನೆ. ಕುಸಿಯದೆ ಬಿಟ್ಟರೆ ಗುಂಡಿ ಬಂದಾಗ ಬೈಕು ತಾನೇ ಕುಸಿದು ಬೆಲ್ಟು ಸಡಿಲಗೊಂಡು ಕೊಂಡಿ ಕಳಚಬಹುದು. ಪೂರ್ತಿ ಅದುಮಿದರೆ ಹೊಡೆತ ತಾಳಲು ಎಡೆಯೇ ಉಳಿಯದು. ಹಿಂದಿನ ಎರಡು ಬೆಲ್ಟುಗಳು ಹಿಂಬದಿ ಪಕ್ಕಕ್ಕೆ ಜಾರದಂತೆ ತಡೆಯಲಷ್ಟೇ. ಅವಕ್ಕೆ ಅಷ್ಟು ಬಿಗಿತ ಬೇಡ. ಬೆಲ್ಟು ಬಣ್ಣಕ್ಕೆ ಉಜ್ಜುವಲ್ಲಿ ಮೆತ್ತನೆಯ ಬಟ್ಟೆ ಇಡಬೇಕು. ಗೋಣಿಚೀಲ ಧೂಳು ಹಿಡಿದರೆ ತಾನೇ ಗೀಚುತ್ತದೆ. ಗೇರಿನಲ್ಲಿಡಿ, ಪೆಟ್ರೋಲ್ ಆದಷ್ಟು ಕಡಿಮೆ ಇರಲಿ. ರೈಲಿನಲ್ಲಿ ಕಳುಹಿಸುವಾಗಲಂತೂ ಟ್ಯಾಂಕು ಪೂರ್ತಿ ಖಾಲಿಯಿರಬೇಕು.

ಹತ್ತಿಸುವಾಗ ಹಲಗೆ ಹಿಂದಕ್ಕೆ ಜಾರುವುದರಿಂದಲೇ ಕಾಲು ಮುರಿದುಕೊಂಡವರುಂಟು. ಹಲಗೆಯ ಮೇಲ್ತುದಿಯನ್ನು ಸರಪಳಿಯಿಂದ ವಾಹನಕ್ಕೆ ಕಟ್ಟಿ, ಇಬ್ಬರು ಇಕ್ಕೆಲದಲ್ಲಿ ನಡೆಯುತ್ತ ತಳ್ಳಬೇಕು. ಏರಿ ಓಡಿಸುವ ಸಾಹಸ ಸಲ್ಲದು. ಹೊರಟ 20-25 ಕಿ.ಮೀ. ಬಳಿಕ ನಿಲ್ಲಿಸಿ ಬೆಲ್ಟುಗಳನ್ನು ಮತ್ತೊಮ್ಮೆ ಬಿಗಿಯುವಂತೆ ಚಾಲಕನಿಗೆ ಹೇಳಿ, ಚಹಾಕ್ಕೆ ಹಣ ಕೊಟ್ಟರೆ ನೆನಪಿನಲ್ಲಿರುತ್ತದೆ.

ಇನ್ನು ನನ್ನ ವೃತ್ತಿಗೆ ಸೇರಿದ ಮಾತು. 2007ರ ರಸ್ತೆ ಸಾಗಣೆ ಕಾಯಿದೆ ಹಾಗೂ 2011ರ ನಿಯಮಗಳಂತೆ, ಹೆಚ್ಚಿನ ಮೌಲ್ಯವನ್ನು ಘೋಷಿಸಿ ಹೆಚ್ಚಿನ ದರ ತೆರದಿದ್ದರೆ, ಸಾಗಣೆದಾರನ ಹೊಣೆ ಸಾಮಾನ್ಯವಾಗಿ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ. ಬಾಡಿಗೆ 1,500 ರೂಪಾಯಿ ಎಂದಾದರೆ 15,000 ರೂಪಾಯಿ. ಬೈಕಿನ ಬೆಲೆ ಎಷ್ಟೇ ಇರಲಿ. ಪೂರ್ಣ ನಷ್ಟವೆಂದು ಪುಸ್ತಕದಿಂದ ತೆಗೆದುಹಾಕಿದರೆ ಜಿ.ಎಸ್.ಟಿ. ಕಾಯಿದೆಯ 17(5)(ಎಚ್) ಅನ್ವಯ ಪಡೆದ ಹೂಡುವಳಿ ತೆರಿಗೆ ಜಮೆಯನ್ನೂ ಹಿಂದಿರುಗಿಸಬೇಕು. ಆದ್ದರಿಂದ ಕಟ್ಟಿದ ಮೇಲೆ ನಾಲ್ಕೂ ಕಡೆಯಿಂದ ಛಾಯಾಚಿತ್ರ ತೆಗೆದಿಡಿ. ತಲುಪಿದಾಗ ಹಾನಿಯಿದ್ದರೆ ರಸೀದಿಯ ಮೇಲೆಯೇ ಬರೆದು ಸಹಿ ಪಡೆಯಿರಿ.

ದಾವೆ ಹೂಡುವ ಮುನ್ನ ಸಾಗಣೆದಾರನಿಗೆ ಲಿಖಿತ ನೋಟಿಸು ತಲುಪಿರಬೇಕು. ಅದಕ್ಕೆ ಅವಧಿ 180 ದಿನ. ಎಣಿಕೆ ಸರಕು ತಲುಪಿದ ದಿನದಿಂದಲ್ಲ, ಬುಕಿಂಗ್ ಮಾಡಿದ ದಿನದಿಂದ. ನನ್ನ ಕಕ್ಷಿದಾರರು ವಿಮಾ ಸಂಸ್ಥೆಯ ಉತ್ತರಕ್ಕಾಗಿ ಕಾಯುತ್ತ ಕುಳಿತು, ನನ್ನಲ್ಲಿಗೆ ಬಂದದ್ದು ಏಳನೆಯ ತಿಂಗಳು ಮುಗಿದ ಮೇಲೆ.